ಮುಚ್ಚಿದ ಹಂಚಿನ ಕಾರ್ಖಾನೆಯ ಫೋಟೋ: ಚಿಮಣಿ ವಾಲಿದೆ, ಒಳಗೆ ಬರೀ ಕತ್ತಲು. ಎಲ್ಲಿ ತಪ್ಪುತ್ತಿದ್ದೇನೆ?

ಹೊಸ ಕ್ಯಾಮೆರಾ:

ನಮಸ್ಕಾರ ಎಲ್ಲರಿಗೂ. ಕ್ಯಾಮೆರಾ ತಗೊಂಡು ಮೂರು ತಿಂಗಳಾಯಿತು. ಆರಂಭದ ಮಟ್ಟದ ಡಿಎಸ್ಎಲ್ಆರ್, ಜೊತೆಗೆ ಬಂದ 18-55 ಲೆನ್ಸ್, ಅಷ್ಟೇ. ಕಳೆದ ಭಾನುವಾರ ನೇತ್ರಾವತಿ ದಡದ ಒಂದು ಹಳೇ ಹಂಚಿನ ಕಾರ್ಖಾನೆಗೆ ಹೋಗಿದ್ದೆ. ಮುಚ್ಚಿ ಎಷ್ಟೋ ವರ್ಷ ಆಗಿದೆ. ಕಾವಲಿಗೆ ಇರುವವರನ್ನು ಕೇಳಿ, ಅವರು ಆಗಲಿ ಅಂದ ಮೇಲೆ ಒಳಗೆ ಹೋದೆ.

ಮೂರು ಫೋಟೋ ಹಾಕಿದ್ದೇನೆ. ಮೊದಲನೆಯದು ಗೇಟಿನಿಂದ ಇಡೀ ಕಾರ್ಖಾನೆ, ಚಿಮಣಿ ಸಮೇತ. ಎರಡನೆಯದು ಹಂಚು ಒಣಗಿಸುತ್ತಿದ್ದ ಶೆಡ್ಡಿನ ಒಳಗೆ. ಮೂರನೆಯದು ಅಲ್ಲೇ ಬಿದ್ದಿರುವ ಹಂಚಿನ ರಾಶಿ. ಚಿಮಣಿ ಹಿಂದಕ್ಕೆ ಬೀಳುವ ಹಾಗೆ ಕಾಣುತ್ತದೆ. ಆಕಾಶ ಬಿಳಿ ಕಾಗದ. ಒಳಗಿನದು ಕತ್ತಲು, ಜೊತೆಗೆ ಮಸುಕು. ಇಟ್ಟಿಗೆಯ ಕೆಂಪು ಬಣ್ಣವೇ ಇಲ್ಲ. ಫೋನಿನ ಆ್ಯಪ್‌ನಲ್ಲಿ ಎಚ್‌ಡಿಆರ್ ಫಿಲ್ಟರ್ (ನೆರಳನ್ನು ಬೆಳಗಿಸಿ, ಬೆಳಕನ್ನು ಇಳಿಸುವಂಥದ್ದು) ಹಾಕಿ ಸ್ವಲ್ಪ ಸರಿ ಮಾಡಿದ್ದೇನೆ. ಸ್ನೇಹಿತರು ಸೂಪರ್ ಅಂದರು. ಆದರೆ ನಮ್ಮ ದೊಡ್ಡಮ್ಮ ಅದೇ ಕಾರ್ಖಾನೆಯಲ್ಲಿ ಮದುವೆಗೆ ಮುಂಚಿನಿಂದ ಹಂಚು ಹೊತ್ತವರು. ಅವರಿಗೆ ತೋರಿಸಿದರೆ, ಇದು ಯಾವ ಊರಿನ ಕಟ್ಟಡ ಅಂತ ಕೇಳಿದರು. ಅದಕ್ಕೇ ಇಲ್ಲಿ ಬಂದೆ. ಮುಚ್ಚುಮರೆ ಇಲ್ಲದೆ ಹೇಳಿ, ಬೇಜಾರಿಲ್ಲ.

ಬೆಳಕಿಂಡಿ:

ಸ್ವಾಗತ. ದೊಡ್ಡಮ್ಮನ ಮಾತು ನಮ್ಮೆಲ್ಲರ ಸಲಹೆಗಿಂತ ಮುಖ್ಯ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಚಿಮಣಿ.

ನೀವು ಗೇಟಿನ ಹತ್ತಿರ ನಿಂತು, ಚಿಮಣಿಯ ತುದಿ ಫ್ರೇಮಿಗೆ ಬರಲಿ ಅಂತ ಕ್ಯಾಮೆರಾವನ್ನು ಮೇಲಕ್ಕೆ ಎತ್ತಿದ್ದೀರಿ. ಎತ್ತಿದ ಕೂಡಲೇ ಸೆನ್ಸರ್ ಗೋಡೆಗೆ ಸಮಾನಾಂತರವಾಗಿ ಉಳಿಯುವುದಿಲ್ಲ. ಕಟ್ಟಡದ ಮೇಲ್ಭಾಗ ಕ್ಯಾಮೆರಾದಿಂದ ದೂರ, ಕೆಳಭಾಗ ಹತ್ತಿರ, ಹಾಗಾಗಿ ನೇರ ಗೆರೆಗಳೆಲ್ಲ ಮೇಲೆ ಹೋಗುತ್ತಾ ಒಂದಕ್ಕೊಂದು ಹತ್ತಿರ ಬರುತ್ತವೆ. 18 ಎಂಎಂನಲ್ಲಿ ಇದು ಎದ್ದು ಕಾಣುತ್ತದೆ, ಯಾಕೆಂದರೆ ಅಷ್ಟು ಅಗಲದ ಲೆನ್ಸಿನಲ್ಲಿ ನಾವು ಕಟ್ಟಡಕ್ಕೆ ತೀರಾ ಹತ್ತಿರ ನಿಂತಿರುತ್ತೇವೆ. ಪರಿಹಾರ ಸುಲಭ. ಹಿಂದಕ್ಕೆ ಹೋಗಿ, ರಸ್ತೆಯ ಆಚೆ ಬದಿಗೆ. ಕ್ಯಾಮೆರಾ ಮಟ್ಟವಾಗಿ ಹಿಡಿಯಿರಿ. ಕೆಳಗೆ ಜಾಸ್ತಿ ನೆಲ ಬರುತ್ತದೆ, ಬರಲಿ, ಆಮೇಲೆ ಕತ್ತರಿಸಿ. ಜಾಗ ಇಲ್ಲ ಅಂದರೆ ಡಾರ್ಕ್‌ಟೇಬಲ್ ಅಂತ ಉಚಿತ ಸಾಫ್ಟ್‌ವೇರ್ ಇದೆ, ಅದರಲ್ಲಿ ಗೆರೆ ನೆಟ್ಟಗೆ ಮಾಡಬಹುದು. ಆದರೆ ಅಂಚಿನಲ್ಲಿ ಚಿತ್ರ ಸ್ವಲ್ಪ ಕಳೆದುಹೋಗುತ್ತದೆ, ಆದ್ದರಿಂದ ತೆಗೆಯುವಾಗಲೇ ಸುತ್ತ ಜಾಗ ಬಿಟ್ಟಿರಿ. ಮತ್ತೊಂದು ಮಾತು. ನೂರಕ್ಕೆ ನೂರು ನೆಟ್ಟಗೆ ಮಾಡಬೇಡಿ. ಎತ್ತರದ ಚಿಮಣಿಯನ್ನು ಕೆಳಗಿನಿಂದ ನೋಡಿ ಅಭ್ಯಾಸವಾದ ಕಣ್ಣಿಗೆ, ಪೂರ್ತಿ ನೆಟ್ಟಗಾದ ಚಿಮಣಿ ತಲೆಭಾರ ಆದಂತೆ ಕಾಣುತ್ತದೆ. ಒಂಚೂರು ಕಿರಿದಾಗುವುದನ್ನು ಉಳಿಸಿಕೊಳ್ಳಿ.

ಆ ಫಿಲ್ಟರ್ ತೆಗೆಯಿರಿ ದಯವಿಟ್ಟು. ಚಿಮಣಿಯ ಸುತ್ತ ಬೆಳ್ಳಗೆ ಒಂದು ಪ್ರಭಾವಳಿ ಬಂದಿದೆ ನೋಡಿ. ಗಿಡಗಳ ಹಸಿರು ಕಣ್ಣಿಗೆ ಚುಚ್ಚುತ್ತದೆ. ನೆರಳು ಇರಬೇಕಾದ ಕಡೆ ನೆರಳು ಇಲ್ಲ, ಹಾಗಾಗಿ ಗೋಡೆಯ ದಪ್ಪವೇ ತಿಳಿಯುವುದಿಲ್ಲ. ಹಳೇ ಕಟ್ಟಡಕ್ಕೆ ಈ ಫಿಲ್ಟರ್ ಹಾಕುವವರು ತುಂಬಾ ಜನ, ನಾನೂ ಹಿಂದೆ ಹಾಕಿದ್ದೇನೆ. ಆ ಕಟ್ಟಡ ಎಷ್ಟು ಸುಮ್ಮನೆ ನಿಂತಿದೆ ಅನ್ನುವುದು ಅದರಲ್ಲಿ ಹೊರಟುಹೋಗುತ್ತದೆ.

ಆಕಾಶದ ಬಗ್ಗೆ: ತೆಗೆದದ್ದು ಎಷ್ಟು ಗಂಟೆಗೆ?

ನದಿದಂಡೆ:

ಎಕ್ಸಿಫ್ (ಫೋಟೋ ಫೈಲಿನಲ್ಲೇ ಕ್ಯಾಮೆರಾ ಬರೆದಿಡುವ ವಿವರ) ನೋಡಿದೆ, 12 ಗಂಟೆ 20 ನಿಮಿಷ. ನಡು ಮಧ್ಯಾಹ್ನ, ಮೋಡದ ತೆಳು ಪರದೆ. ಆ ಹೊತ್ತಿಗೆ ಕರಾವಳಿಯಲ್ಲಿ ಆಕಾಶ ಬಿಳಿಯೇ ಇರುತ್ತದೆ, ಕ್ಯಾಮೆರಾದ ತಪ್ಪಲ್ಲ. ಅದನ್ನು ನೀಲಿ ಮಾಡಲು ಒದ್ದಾಡಬೇಡಿ. ಫ್ರೇಮಿನಲ್ಲಿ ಆಕಾಶ ಕಡಿಮೆ ಮಾಡಿ, ಇಲ್ಲವೇ ಸಂಜೆ ನಾಲ್ಕರ ಮೇಲೆ ಹೋಗಿ.

ಎರಡನೇ ಫೋಟೋ ಮಸುಕಾಗಿರುವುದಕ್ಕೆ ಕಾರಣ ಅದರ ಎಕ್ಸಿಫ್‌ನಲ್ಲೇ ಇದೆ. 35 ಎಂಎಂ, ಎಫ್ (ಲೆನ್ಸಿನ ಕಿಂಡಿಯ ಅಳತೆ) 4.5, ಐಎಸ್‌ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) 100, ಶಟರ್ (ಬೆಳಕು ಒಳಗೆ ಬಿಡುವ ಸಮಯ) 1/8 ಸೆಕೆಂಡ್. ಕೈಯಲ್ಲಿ ಹಿಡಿದು 1/8! ಈ ಸೆನ್ಸರಿಗೆ 35 ಎಂಎಂನಲ್ಲಿ ಕನಿಷ್ಠ 1/60 ಬೇಕು, ಹೊಸಬರಿಗೆ ಇನ್ನೂ ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೆಯದು. ಲೆನ್ಸಿನಲ್ಲಿ ಕೈ ಅಲುಗಾಟ ಕಡಿಮೆ ಮಾಡುವ ಸ್ಟೆಬಿಲೈಸರ್ ಇದ್ದರೂ ಅದನ್ನೇ ನಂಬಿ ಕೂರಬೇಡಿ. ಐಎಸ್‌ಒ 1600ಕ್ಕೆ ಏರಿಸಿದ್ದರೆ ಅದೇ ಬೆಳಕಿಗೆ 1/125 ಸಿಗುತ್ತಿತ್ತು.

ಹೊಸ ಕ್ಯಾಮೆರಾ:

ಐಎಸ್‌ಒ ಏರಿಸಿದರೆ ಕಾಳು ಕಾಳು ಬರುತ್ತದೆ ಅಂತ ಒಂದು ವಿಡಿಯೋದಲ್ಲಿ ಕೇಳಿದ್ದೆ, ಅದಕ್ಕೆ 100ರಲ್ಲೇ ಇಟ್ಟೆ. ಟ್ರೈಪಾಡ್ ಇಲ್ಲ. ಜೆಪೆಗ್ ಮಾತ್ರ ತೆಗೆದಿದ್ದೇನೆ. ಮತ್ತೆ, ಕೆಂಪು ಬಣ್ಣ ಯಾಕೆ ಹೋಯಿತು?

ಬೆಳಕಿಂಡಿ:

ಕಾಳು ಇರುವ ಫೋಟೋ ಫೋಟೋವೇ. ಕೈ ಅಲುಗಿದ ಫೋಟೋವನ್ನು ಯಾರೂ ಸರಿ ಮಾಡಲಾರರು. ಇವೆರಡರಲ್ಲಿ ಒಂದನ್ನು ಆರಿಸಬೇಕಾದರೆ ಕಣ್ಣು ಮುಚ್ಚಿ ಐಎಸ್‌ಒ ಏರಿಸಿ.

ಟ್ರೈಪಾಡ್ ಇಲ್ಲದಿದ್ದರೆ ಹಂಚಿನ ಅಟ್ಟಿ ಇದೆಯಲ್ಲ! ಅಲುಗದ ಅಟ್ಟಿ ನೋಡಿ, ಮೇಲೆ ಒಂದು ಬೈರಾಸು (ಟವೆಲ್) ಮಡಚಿ ಹಾಕಿ, ಅದರ ಮೇಲೆ ಕ್ಯಾಮೆರಾ ಇಡಿ. ಎರಡು ಸೆಕೆಂಡಿನ ಟೈಮರ್ ಹಾಕಿ, ಬಟನ್ ಒತ್ತಿ, ಕೈ ತೆಗೆಯಿರಿ. ಆಗ ಐಎಸ್‌ಒ 100, ಎಫ್ 8, ಸುಮಾರು ಅರ್ಧ ಸೆಕೆಂಡ್, ಎಲ್ಲಾ ನಡೆಯುತ್ತದೆ. ಕಟ್ಟಡ ಎಲ್ಲಿಗೂ ಓಡಿಹೋಗುವುದಿಲ್ಲ.

ಕೆಂಪು ಹೋದದ್ದು ಆಟೋ ವೈಟ್ ಬ್ಯಾಲೆನ್ಸಿನಿಂದ (ಬೆಳಕಿನ ಬಣ್ಣಕ್ಕೆ ತಕ್ಕಂತೆ ಕ್ಯಾಮೆರಾ ತಾನೇ ಬಣ್ಣ ಹೊಂದಿಸುವುದು) ಇರಬೇಕು. ಫ್ರೇಮಿನ ತುಂಬ ಇಟ್ಟಿಗೆ, ಹಂಚು ಇದ್ದರೆ ಕ್ಯಾಮೆರಾ ಅದನ್ನು ಬೆಳಕಿನ ಬಣ್ಣ ಅಂತ ತಿಳಿದು ಕೆಂಪನ್ನು ಇಳಿಸಿಬಿಡುತ್ತದೆ. ವೈಟ್ ಬ್ಯಾಲೆನ್ಸನ್ನು ಆಟೋ ಬಿಟ್ಟು 'ಕ್ಲೌಡಿ' (ಮೋಡದ ದಿನ) ಆಯ್ಕೆಗೆ ಹಾಕಿ ನೋಡಿ. ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಫೈಲ್) ತೆಗೆದರೆ ಇನ್ನೂ ಒಳ್ಳೆಯದು, ಮನೆಗೆ ಬಂದು ಬದಲಾಯಿಸಬಹುದು.

ಶೆಡ್ಡಿನ ಕತ್ತಲಿಗೆ ಕಾರಣ, ನೀವು ಬೆಳಕಿನ ಕಡೆಗೇ ಮುಖ ಮಾಡಿ ನಿಂತದ್ದು. ಆಚೆ ತುದಿಯ ಬಾಗಿಲು ಫ್ರೇಮಿನ ನಡುವೆ ಉರಿಯುತ್ತಿದೆ. ಕ್ಯಾಮೆರಾ ಅದಕ್ಕೆ ಲೆಕ್ಕ ಹಾಕಿ ಉಳಿದದ್ದನ್ನೆಲ್ಲ ಕಪ್ಪು ಮಾಡಿದೆ. ಮೂರು ಎಕ್ಸ್‌ಪೋಷರ್ ತೆಗೆದು ಸೇರಿಸುವ ವಿಧಾನ ಇದೆ. ಆದರೆ ಈಗಲೇ ಅದು ಬೇಡ, ಸುಮ್ನೆ ತೊಂಬತ್ತು ಡಿಗ್ರಿ ತಿರುಗಿ. ಬೆಳಕು ನಿಮ್ಮ ಪಕ್ಕದಿಂದ ಬರಲಿ.

ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗಲು ಆ ಶೆಡ್ಡು ಹೇಗೆ ಕೆಲಸ ಮಾಡುತ್ತಿತ್ತು ಅಂತ ತಿಳಿದಿರಬೇಕು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ನದಿಯ ಉದ್ದಕ್ಕೂ ಒಂದರ ಹಿಂದೆ ಒಂದು ಬಂದವು, ಯಾಕೆಂದರೆ ಆವೆಮಣ್ಣು ಅಲ್ಲೇ, ದೋಣಿಯೂ ಅಲ್ಲೇ. ಅಚ್ಚಿನಿಂದ ಬಂದ ಹಸಿ ಹಂಚನ್ನು ಬಿಸಿಲಿಗೆ ಇಟ್ಟರೆ ಬಿರುಕು ಬಿಡುತ್ತದೆ. ನೆರಳಲ್ಲಿ, ಗಾಳಿಯಲ್ಲಿ, ನಿಧಾನವಾಗಿ ಒಣಗಬೇಕು. ಅದಕ್ಕೇ ಇಂಥ ಉದ್ದ ಶೆಡ್ಡು, ಪಕ್ಕಕ್ಕೆ ಗಾಳಿ ಆಡುವ ಪಟ್ಟಿಗಳ ಗೋಡೆ, ಒಳಗೆ ಸಾಲು ಸಾಲು ಮರದ ಅಟ್ಟಣಿಗೆ. ಅಂದರೆ ಬೆಳಕು ಪಕ್ಕದಿಂದ, ಸೀಳು ಸೀಳಾಗಿ ಬರಲಿ ಅಂತಲೇ ಇರುವ ಕಟ್ಟಡ ಅದು. ನೀವು ಬಾಗಿಲನ್ನು ನೋಡುತ್ತಿದ್ದಿರಿ.

ಈಗ ದೊಡ್ಡಮ್ಮ. ಮೂರನೇ ಫೋಟೋ ದೊಡ್ಡದು ಮಾಡಿ ಎಡ ಅಂಚು ನೋಡಿ. ಒಂದು ಕಂಬ ಅರ್ಧ ಕತ್ತರಿಸಿ ಬಂದಿದೆ. ಅದರ ಗಾರೆಯ ಮೇಲೆ ಸಣ್ಣ ಸಣ್ಣ ಗೀಟುಗಳಿವೆ. ನಾಲ್ಕು ಉದ್ದ, ಮೇಲೆ ಒಂದು ಓರೆ. ಮತ್ತೆ ನಾಲ್ಕು, ಮತ್ತೆ ಒಂದು. ಹಂಚಿನ ಚೂರಿನಿಂದ ಗೀರಿದ ಹಾಗಿದೆ. ಅದು ಯಾರೋ ಹೊತ್ತ ಹೊರೆಯ ಲೆಕ್ಕ ಅಲ್ವಾ? ಚಿಮಣಿ ಎಲ್ಲಾ ಕಾರ್ಖಾನೆಗೂ ಇದೆ. ನಿಮ್ಮ ದೊಡ್ಡಮ್ಮ ಇಡೀ ದಿನ ನೋಡುತ್ತಿದ್ದದ್ದು ಚಿಮಣಿಯನ್ನಲ್ಲ. ಹಂಚು ಹೊತ್ತು ನಡೆಯುವವರ ಕಣ್ಣ ಮಟ್ಟದಲ್ಲಿ ಏನಿತ್ತೋ ಅದನ್ನು ತೆಗೆಯಿರಿ. ನನಗೆ ಆ ಕಂಬ ಪೂರ್ತಿ ಬೇಕು.

ಹಳೇಮಾಡು:

ಫೋಟೋಗಿಂತ ಮುಂಚೆ ಒಂದು ಮಾತು. ಮುಚ್ಚಿದ ಹಂಚಿನ ಕಾರ್ಖಾನೆಯ ಮಾಡು (ಛಾವಣಿ) ಮೇಲ್ನೋಟಕ್ಕೆ ಗಟ್ಟಿ ಕಾಣುತ್ತದೆ, ಒಳಗೆ ಹಂಚು ಹೊರುವ ಮರದ ರೀಪು, ಪಕ್ಕಾಸು ಗೆದ್ದಲು ತಿಂದಿರುತ್ತದೆ. ತಲೆ ಮೇಲೆ ಆಕಾಶ ಕಾಣುವ ಕಡೆ ನಿಲ್ಲಬೇಡಿ, ಅದರ ಪಕ್ಕದ ಹಂಚು ನಾಳೆ ಬೀಳುವಂಥದ್ದು. ಅಟ್ಟಣಿಗೆ ಹತ್ತಲೇಬೇಡಿ. ಭಟ್ಟಿಯ ಒಳಗೆ ನುಗ್ಗಬೇಡಿ. ಹಂಚಿನ ರಾಶಿಗೆ ಕೈ ಹಾಕಬೇಡಿ, ಹಾವಿಗೆ ಅಂಥ ಜಾಗ ಬಲು ಇಷ್ಟ. ಬೂಟು ಹಾಕಿ, ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಮತ್ತೆ ಜಾಗದ ಗುರುತು ಫೋಟೋ ಜೊತೆ ಹಾಕಬೇಡಿ, ಮರದ ತೊಲೆ ಕದಿಯುವವರೂ ಇದನ್ನೆಲ್ಲ ಓದುತ್ತಾರೆ.

ಹೊಸ ಕ್ಯಾಮೆರಾ:

ಮತ್ತೆ ಹೋಗಿ ಬಂದೆ. ಈ ಸಲ ತಮ್ಮನೂ ಬಂದಿದ್ದ, ನಾಲ್ಕೂಕಾಲಿಗೆ ಒಳಗೆ ಹೋದೆವು. ಹಂಚಿನ ರಾಶಿಗೆ ಕೈ ಹಾಕಲಿಲ್ಲ. ಹೊರಗೆ ನೇರವಾಗಿ ಜೋಡಿಸಿಟ್ಟ ಅಟ್ಟಿಯಿಂದ ಕಾವಲಿನವರೇ ಎಂಟು ಹಂಚು ತಂದು ಕಂಬದ ಎದುರು ಇಟ್ಟುಕೊಟ್ಟರು. ಅದರ ಮೇಲೆ ಬೈರಾಸು, ಅದರ ಮೇಲೆ ಕ್ಯಾಮೆರಾ. ನಾನು ನೆಲದಲ್ಲಿ ಕೂತೆ.

ಅರ್ಧ ಗಂಟೆ ಏನೂ ಸರಿ ಬರಲಿಲ್ಲ. ಐದು ಗಂಟೆ ಹತ್ತಿರ ಪಟ್ಟಿಗಳ ನಡುವಿನಿಂದ ಬಿಸಿಲು ಕಂಬದ ಮೇಲೆ ಓರೆಯಾಗಿ ಬಿತ್ತು. ಅಲ್ಲಿಯವರೆಗೆ ಗೀಟುಗಳು ಬೂದು ಬಣ್ಣದ ಕೂದಲಿನ ಹಾಗೆ ಇದ್ದವು. ಬಿಸಿಲು ಬಿದ್ದ ಕೂಡಲೇ ಪ್ರತಿ ಗೀಟಿನ ಒಂದು ಬದಿ ಹೊಳೆಯಿತು, ಇನ್ನೊಂದು ಬದಿ ಕಪ್ಪಾಯಿತು. ಎಣಿಸಲು ಬರುವಷ್ಟು ಸ್ಪಷ್ಟ. ಏಳೆಂಟು ನಿಮಿಷ ಇತ್ತು, ಹೋಯಿತು. ಐಎಸ್‌ಒ 100, ಎಫ್ 8, 1/15, ರಾ, ಕ್ಲೌಡಿ. ಫಿಲ್ಟರ್ ಇಲ್ಲ. ಹಾಕಿದ್ದೇನೆ, ನೋಡಿ.

ಬೆಳಕಿಂಡಿ:

ನೋಡಿದೆ. ಎದ್ದು ಹೋಗಿ ನೀರು ಕುಡಿದು ಬಂದು ಮತ್ತೆ ನೋಡಿದೆ. ತುಂಬಾ ಚೆನ್ನಾಗಿದೆ. ಗಾರೆ ಉದುರಿದ ಕಡೆ ಇಟ್ಟಿಗೆ ಕೆಂಪಗೆ ಕಾಣುತ್ತದೆ, ಇದೇ ಬಣ್ಣ ಬೇಕಾಗಿದ್ದದ್ದು.

ಎರಡು ಸಣ್ಣ ತಿದ್ದುಪಡಿ. ಮೇಲೆ ಬಲ ಮೂಲೆಯಲ್ಲಿ ಹಂಚು ಒಡೆದ ತೂತಿನಿಂದ ಒಂದು ಬಿಳಿ ಚುಕ್ಕೆ ಇದೆ. ಕಣ್ಣು ಗೀಟಿನಿಂದ ಎದ್ದು ಅಲ್ಲಿಗೆ ಓಡುತ್ತದೆ. ಮೇಲಿನಿಂದ ಒಂದು ಬೆರಳಿನಷ್ಟು ಕತ್ತರಿಸಿ. ಕಂಬ ಬಲಕ್ಕೆ ಒಂದು ಡಿಗ್ರಿ ವಾಲಿದೆ, ತಿರುಗಿಸಿ. ಹಿಂದಿನ ಅಟ್ಟಣಿಗೆಯ ಕತ್ತಲನ್ನು ಮಾತ್ರ ಹಾಗೇ ಬಿಡಿ, ಎಳೆದು ಬೆಳ್ಳಗೆ ಮಾಡಬೇಡಿ.

ನದಿದಂಡೆ:

ಒಪ್ಪಿದೆ. ಕತ್ತರಿಸಿದ್ದನ್ನು ಬೇರೆ ಹೆಸರಿನಲ್ಲಿ ಉಳಿಸಿ, ಮೂಲ ರಾ ಫೈಲನ್ನು ಎರಡು ಕಡೆ ಇಡಿ. ಆ ಗಾರೆ ಇನ್ನೆಷ್ಟು ಮಳೆಗಾಲ ನಿಲ್ಲುತ್ತದೋ. ದೊಡ್ಡಮ್ಮನಿಗೆ ತೋರಿಸಿದಿರಾ?

ಹೊಸ ಕ್ಯಾಮೆರಾ:

ತೋರಿಸಿದೆ. ಫೋನನ್ನು ಕೈಗೆ ತಗೊಂಡು ಹತ್ತಿರ ಹಿಡಿದರು. ಈ ಸಲ ಯಾವ ಊರು ಅಂತ ಕೇಳಲಿಲ್ಲ. ಇದು ನಮ್ಮ ಲೆಕ್ಕ ಅಲ್ಲ, ಮೇಸ್ತ್ರಿಯದ್ದು ಅಂದರು. ಮೇಸ್ತ್ರಿ ಬಾಗಿಲ ಕಡೆಯ ಮುಖದಲ್ಲಿ ಗೀಟು ಹಾಕುತ್ತಿದ್ದರಂತೆ. ಅವರ ಲೆಕ್ಕದ ಮೇಲೆ ನಂಬಿಕೆ ಇಲ್ಲದೆ ಹೆಂಗಸರು ಅದೇ ಕಂಬದ ಹಿಂದಿನ ಮುಖದಲ್ಲಿ ತಮ್ಮದೇ ಲೆಕ್ಕ ಇಡುತ್ತಿದ್ದರಂತೆ, ಅದೂ ಸೊಂಟದ ಎತ್ತರದಲ್ಲಿ, ಮೇಸ್ತ್ರಿಗೆ ಕಾಣದ ಹಾಗೆ. ದೊಡ್ಡಮ್ಮನದು ಗೀಟಲ್ಲ, ಚುಕ್ಕೆ. ಹಿಂದೆ ನೋಡಿದೆಯಾ ಅಂತ ಕೇಳಿದರು. ನಾನು ನೋಡಿರಲಿಲ್ಲ.

ಈಗ ಹೊಸ ಸಮಸ್ಯೆ. ಆ ಮುಖಕ್ಕೆ ಯಾವ ಹೊತ್ತಿಗೂ ಬಿಸಿಲು ಬೀಳುವ ಹಾಗಿಲ್ಲ, ಹಿಂದೆ ಗೋಡೆ ಇದೆ. ಕ್ಯಾಮೆರಾದ ಫ್ಲ್ಯಾಶ್ ಹಾಕಲೇ?

ಬೆಳಕಿಂಡಿ:

ಫ್ಲ್ಯಾಶ್ ಬೇಡವೇ ಬೇಡ. ಎದುರಿನಿಂದ ಬೆಳಕು ಬಿದ್ದರೆ ಗೀರು, ಚುಕ್ಕೆ ಎಲ್ಲಾ ಮಾಯವಾಗುತ್ತದೆ. ಮನೆಯಲ್ಲಿರುವ ಟಾರ್ಚ್ ಸಾಕು. ಕ್ಯಾಮೆರಾ ಅಟ್ಟಿಯ ಮೇಲೆ, ಎಫ್ 8, ಐಎಸ್‌ಒ 100, ಎರಡು ಸೆಕೆಂಡಿನಿಂದ ಶುರು ಮಾಡಿ. ತಮ್ಮ ಕಂಬದ ಪಕ್ಕ ನಿಂತು ಟಾರ್ಚನ್ನು ಗಾರೆಗೆ ಒರಗಿಸಿದ ಹಾಗೆ ಹಿಡಿಯಲಿ, ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗಬೇಕು. ಟಾರ್ಚಿನ ಬಾಯಿಗೆ ಒಂದು ಬಿಳಿ ಕರ್ಚೀಫು ಕಟ್ಟಿದರೆ ಬೆಳಕು ಮೆತ್ತಗಾಗುತ್ತದೆ. ಒಮ್ಮೆ ಎಡದಿಂದ, ಒಮ್ಮೆ ಬಲದಿಂದ, ಒಮ್ಮೆ ಮೇಲಿನಿಂದ ತೆಗೆಯಿರಿ. ಚುಕ್ಕೆಗೆ ಮೇಲಿನಿಂದ ಬಂದದ್ದೇ ಚೆನ್ನಾಗಿರುತ್ತದೆ ಅಂತ ನನ್ನ ಅಂದಾಜು, ಗುಳಿಯ ಮೇಲಂಚಿನಲ್ಲಿ ನೆರಳು ನಿಲ್ಲುತ್ತದೆ. ಸೊಂಟದ ಎತ್ತರ ಅಂದಿರಲ್ಲ, ಎಂಟು ಹಂಚು ಸಾಲದು, ಕ್ಯಾಮೆರಾವನ್ನು ಅದೇ ಎತ್ತರಕ್ಕೆ ಏರಿಸಿಕೊಳ್ಳಿ. ಬಗ್ಗಿಸಿ ತೆಗೆಯಬೇಡಿ, ಚಿಮಣಿಗೆ ಆದದ್ದೇ ಇಲ್ಲೂ ಆಗುತ್ತದೆ.

ಹೊಸ ಕ್ಯಾಮೆರಾ:

ಸರಿ. ಬುಧವಾರ ರಜೆ ಹಾಕಿದ್ದೇನೆ. ದೊಡ್ಡಮ್ಮನೂ ಬರುತ್ತಾರಂತೆ, ಕಂಬ ತೋರಿಸಲು. ಅವರನ್ನು ಗೇಟಿನ ಬಳಿ ಕುರ್ಚಿಯಲ್ಲಿ ಕೂರಿಸಿ, ವಿಡಿಯೋ ಕಾಲ್ ಮಾಡಿ ಕೇಳುತ್ತಾ ತೆಗೆಯುತ್ತೇನೆ. ಮಾಡಿನ ಕೆಳಗೆ ಕರೆದುಕೊಂಡು ಹೋಗುವುದಿಲ್ಲ.