ಶಿರಸಿಯಿಂದ ಕಾರವಾರಕ್ಕೆ ತಂದ ಡೆಸ್ಕ್‌ಟಾಪ್: ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು

ಪ್ರಶ್ನೆ:
ನಮಸ್ಕಾರ. ವರ್ಗಾವಣೆಯಾಗಿ ಕಳೆದ ವಾರ ಶಿರಸಿಯಿಂದ ಕಾರವಾರಕ್ಕೆ ಬಂದೆವು. ಮನೆಯ ಸಾಮಾನಿನ ಜೊತೆಗೆ ಟೆಂಪೋದಲ್ಲಿ ದೇವಿಮನೆ ಘಟ್ಟ ಇಳಿದು ಬಂದ ಡೆಸ್ಕ್‌ಟಾಪನ್ನು ಜೋಡಿಸಿ ಗುಂಡಿ ಒತ್ತಿದರೆ ಫ್ಯಾನುಗಳು ತಿರುಗುತ್ತವೆ, ಆದರೆ ಮಾನಿಟರ್ ‘ನೋ ಸಿಗ್ನಲ್’ ಎಂದು ತೋರಿಸಿ ಆರಿಹೋಗುತ್ತದೆ. ಬೀಪ್ ಸದ್ದೂ ಇಲ್ಲ. ಪ್ರೊಸೆಸರ್ ಇಂಟೆಲ್ ಕೋರ್ ಐ5-10400ಎಫ್, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಮತ್ತು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇವೆ. ಅಂಗಡಿಯವರೊಬ್ಬರು ಪೆಟ್ಟಿಗೆ ಬಿಚ್ಚದೆಯೇ ಮದರ್‌ಬೋರ್ಡ್ ಹೋಗಿದೆ ಎಂದರು.

ಉತ್ತರ:
ಹೊಸ ಬೋರ್ಡಿಗೆ ಈಗಲೇ ಹಣ ಹಾಕಬೇಡಿ. ಹೊರಡುವ ಹಿಂದಿನ ದಿನದವರೆಗೆ ಸರಿಯಾಗಿದ್ದ ಯಂತ್ರ ಸಾಗಣೆಯ ನಂತರ ಮುಷ್ಕರ ಹೂಡಿದರೆ, ಯಾವುದೋ ಭಾಗ ಸತ್ತಿದೆ ಎನ್ನುವುದಕ್ಕಿಂತ ಯಾವುದೋ ಜೋಡಣೆ ಸಡಿಲವಾಗಿದೆ ಎಂದು ಶಂಕಿಸುವುದೇ ಸರಿ. ಬೀಪ್ ಇಲ್ಲದಿರುವುದಕ್ಕೂ ಹೆಚ್ಚು ಬೆಲೆ ಕೊಡಬೇಕಿಲ್ಲ, ಎಷ್ಟೋ ಕ್ಯಾಬಿನೆಟ್‌ಗಳಲ್ಲಿ ಸ್ಪೀಕರೇ ಇರುವುದಿಲ್ಲ.

ಮೊದಲು ಹಿಂಬದಿಯನ್ನು ನೋಡಿ. ನಿಮ್ಮ ಪ್ರೊಸೆಸರಿನ ಹೆಸರಿನ ಕೊನೆಯಲ್ಲಿರುವ ‘ಎಫ್’ ಅಕ್ಷರದ ಅರ್ಥ ಅದರೊಳಗೆ ಗ್ರಾಫಿಕ್ಸ್ ಇಲ್ಲವೆಂದು. ಆದ್ದರಿಂದ ಎಚ್‌ಡಿಎಂಐ ಕೇಬಲನ್ನು ಮದರ್‌ಬೋರ್ಡಿನ ಕಿಂಡಿಗೆ ಸಿಕ್ಕಿಸಿದ್ದರೆ ಎಷ್ಟು ಕಾದರೂ ಚಿತ್ರ ಮೂಡದು, ಕೆಳಗೆ ಅಡ್ಡಲಾಗಿರುವ ಕಾರ್ಡಿನ ಕಿಂಡಿಗೇ ಹಾಕಬೇಕು.

ಅದು ಸರಿಯಿದ್ದರೆ ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಬರಿಯ ಲೋಹವನ್ನೊಮ್ಮೆ ಮುಟ್ಟಿದ ಮೇಲೆ ಒಳಗೆ ಕೈ ಹಾಕಿ. ಎರಡೂ ರ‍್ಯಾಮ್ ತೆಗೆದು ಅವುಗಳ ಚಿನ್ನದ ಬಣ್ಣದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಕರಾವಳಿಯ ಉಪ್ಪು ಗಾಳಿ ಮತ್ತು ಮಳೆಗಾಲದ ತೇವದಲ್ಲಿ ಅಲ್ಲಿ ಮಂಕು ಪೊರೆ ಕಟ್ಟುವುದುಂಟು, ಆದರೆ ಒಂದೇ ವಾರದಲ್ಲಿ ಕಟ್ಟುವ ಸಂಭವ ಕಡಿಮೆ. ಕಂಡರೆ ಮೆತ್ತನೆಯ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಬ್ರಷ್ಷಿನಿಂದ ಕೊಡವಿ. (ಬಾಯಿಂದ ಊದಬೇಡಿ, ಎಂಜಲಿನ ಹನಿ ಸ್ಲಾಟಿಗೆ ಹೋಗುತ್ತದೆ.) ನಂತರ ಒಂದನ್ನು ಮಾತ್ರ, ನಾಲ್ಕು ಸ್ಲಾಟುಗಳ ಬೋರ್ಡಾದರೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿ ಎರಡನೆಯ ಸ್ಲಾಟಿನಲ್ಲಿ, ‘ಟಕ್’ ಎನ್ನುವವರೆಗೆ ಒತ್ತಿ ಕೂರಿಸಿ. ಭಾರದ ಗ್ರಾಫಿಕ್ಸ್ ಕಾರ್ಡ್ ಘಟ್ಟದ ತಿರುವುಗಳಲ್ಲಿ ಜೋತು ಬಿದ್ದಿರಬಹುದಾದ್ದರಿಂದ ಅದನ್ನೂ ಬಿಚ್ಚಿ ಮತ್ತೆ ಕೂರಿಸಿ, ಅದಕ್ಕೆ ಬರುವ ಪವರ್ ಕೇಬಲನ್ನು ಗಟ್ಟಿಮಾಡಿ. ಇಷ್ಟಕ್ಕೂ ಬಗ್ಗದಿದ್ದರೆ ಮಾತ್ರ, ದಿನಾಂಕ ಮತ್ತು ಸೆಟ್ಟಿಂಗ್‌ಗಳನ್ನು ಉಳಿಸಿಕೊಳ್ಳಲು ಮದರ್‌ಬೋರ್ಡಿನಲ್ಲಿರುವ ನಾಣ್ಯದಾಕಾರದ ಸಿಆರ್2032 ಸೆಲ್ಲನ್ನು ಐದು ನಿಮಿಷ ತೆಗೆದಿಟ್ಟು ಹಾಕಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ನಾಚಿಕೆಯ ಸಂಗತಿಯೆಂದರೆ ಕೇಬಲ್ ಮದರ್‌ಬೋರ್ಡಿನ ಕಿಂಡಿಯಲ್ಲೇ ಇತ್ತು, ಆದರೆ ಅದನ್ನು ಬದಲಿಸಿದ ಮೇಲೂ ಪರದೆ ಕಪ್ಪಾಗಿಯೇ ಉಳಿಯಿತು. ಒಳಗೆ ನೋಡಿದಾಗ ಒಂದು ರ‍್ಯಾಮಿನ ಕೊಂಡಿ ಅರ್ಧ ತೆರೆದುಕೊಂಡಿತ್ತು, ಆ ತುದಿ ಅಕ್ಕಿಕಾಳಿನಷ್ಟು ಮೇಲೆದ್ದಿತ್ತು. ಎರಡನ್ನೂ ಮತ್ತೆ ಕೂರಿಸಿ, ಆತುರಕ್ಕೆ ಸೆಲ್ಲನ್ನೂ ತೆಗೆದು ಹಾಕಿದೆ; ಚಿತ್ರ ಬಂದಿತು. ಈಗ ದಿನಾಂಕ ತಪ್ಪಿದೆ ಎಂದು ಹೇಳಿ ಎಫ್1 ಒತ್ತಲು ಕೇಳುತ್ತಿದೆ.

ಉತ್ತರ:
ಅದು ಸೆಲ್ ತೆಗೆದದ್ದರ ಫಲ, ಹೆದರಬೇಡಿ. ಬಯಾಸ್‌ಗೆ (ಯಂತ್ರ ಶುರುವಾಗುವಾಗ ತೆರೆಯಬಹುದಾದ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆಗೆ) ಹೋಗಿ ದಿನಾಂಕ, ಸಮಯ ಸರಿಪಡಿಸಿ ಉಳಿಸಿ. ಮರುದಿನ ಮತ್ತೆ ಅದೇ ಸಂದೇಶ ಬಂದರೆ ಸೆಲ್ಲನ್ನು ಬದಲಿಸಿದರಾಯಿತು.