ಬಿರುಕು ಬಿಟ್ಟ ದವಡೆ ಹಲ್ಲು: ಉಳಿಸೋದಾ, ಕೀಳಿಸೋದಾ?

ಕುಂಬಳೆಯಿಂದ: ಅಮ್ಮನ ದವಡೆ ಹಲ್ಲು ಬಿರುಕು ಬಿಟ್ಟಿದೆ. ಅಡಿಕೆ ಕಚ್ಚಿ ಬಿಟ್ಟ ಕೂಡಲೇ ಚುಳ್ಳೆನ್ನುತ್ತದಂತೆ. ಒಬ್ಬ ಡಾಕ್ಟರು ರೂಟ್ ಕೆನಾಲ್ (ಹಲ್ಲಿನೊಳಗಿನ ನರ ತೆಗೆದು ತುಂಬಿಸೋದು) ಮಾಡಿ ಕ್ಯಾಪ್ ಹಾಕೋಣ ಅಂದರು, ಇನ್ನೊಬ್ಬರು ಕಿತ್ತು ಇಂಪ್ಲಾಂಟ್ (ದವಡೆ ಎಲುಬಿಗೆ ಕೂರಿಸುವ ಕೃತಕ ಹಲ್ಲು) ಮಾಡೋಣ ಅಂತಾರೆ. ಏನು ಮಾಡಲಿ?

ಬದಿಯಡ್ಕದಿಂದ: ಬಿರುಕು ಎಲ್ಲಿವರೆಗೆ ಹೋಗಿದೆ ಅನ್ನೋದೇ ಮುಖ್ಯ. ಮೇಲ್ಭಾಗದಲ್ಲೇ ಇದ್ದರೆ ಕ್ಯಾಪ್ ಹಾಕಿ ಉಳಿಸಬಹುದು, ಒಳಗಿನ ನರ ಕೆಟ್ಟಿದ್ದರೆ ರೂಟ್ ಕೆನಾಲ್ ಕೂಡ ಬೇಕು, ಆದರೆ ಬೇರಿನ ಉದ್ದಕ್ಕೂ ಸೀಳಿದ್ದರೆ ಸಾಮಾನ್ಯವಾಗಿ ಕೀಳಿಸಲೇಬೇಕು. ಸಾದಾ ಎಕ್ಸ್‌ರೇಯಲ್ಲಿ ಬಿರುಕು ಎಷ್ಟೋ ಸಲ ಕಾಣೋದಿಲ್ಲ. ಅದಕ್ಕೇ, ಬಿರುಕು ಬೇರಿನವರೆಗೆ ಇಳಿದಿದೆಯಾ ಅಂತ ತಿಳಿಯಲು ಹಲ್ಲು-ವಸಡಿನ ನಡುವಿನ ಸಂದಿನ ಆಳ ಅಳೆದು ನೋಡಿದ್ರಾ ಅಂತ ಡಾಕ್ಟರನ್ನು ಕೇಳಿ.

ಮಂಜೇಶ್ವರದಿಂದ: ಉಳಿಯುವ ಹಾಗಿದ್ದರೆ ದಯವಿಟ್ಟು ಉಳಿಸಿ. ಇಂಪ್ಲಾಂಟ್ ಎಲುಬಿಗೆ ಕೂಡಿಕೊಳ್ಳಲು ತಿಂಗಳುಗಳೇ ಬೇಕು, ಅಮ್ಮನಿಗೆ ಶುಗರ್ ಇದ್ದರೆ ಮೊದಲು ಅದು ಹತೋಟಿಗೆ ಬರಬೇಕು. ಮಂಗಳೂರಿನಲ್ಲಿ ಡೆಂಟಲ್ ಕಾಲೇಜುಗಳಿವೆ ಅಲ್ವಾ, ಅಲ್ಲೊಮ್ಮೆ ತೋರಿಸಿ.