ಹೊಸ ರೋಬೋ ಸೆಲ್: ತಯಾರಕರಲ್ಲಿ ಸಿಎಂಕೆ 1.82, ನಮ್ಮಲ್ಲಿ 1.11. ಸಹಿ ಹಾಕಬಹುದಾ?

ಪೀಣ್ಯ_ಬೋರಿಂಗ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟಾಗಿ ಸಲಹೆ ಬೇಕು.

ನಮ್ಮದು ಪೀಣ್ಯದಲ್ಲಿ ಸಣ್ಣ ಮಷೀನ್ ಶಾಪ್. ಹೋದ ತಿಂಗಳು ಹೊಸ ಸೆಲ್ ಬಂತು. ಒಂದು ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮಷೀನ್), ಲೋಡಿಂಗ್‌ಗೆ ರೋಬೋ, ಕೊನೆಗೆ ಏರ್ ಗೇಜ್ (ಗಾಳಿ ಬಿಟ್ಟು ಬೋರ್, ಅಂದರೆ ರಂಧ್ರದ ವ್ಯಾಸ ಅಳೆಯುವ ಉಪಕರಣ). ಪೀಸ್ ಅಲ್ಯೂಮಿನಿಯಂ ಕಾಸ್ಟಿಂಗ್. ಬೋರ್ 50 ಎಚ್7, ಅಂದರೆ ವ್ಯಾಸ 50.000ರಿಂದ 50.025 ಮಿ.ಮೀ. ಒಳಗಿರಬೇಕು. ಸಿಎಂಕೆ (ಅಳತೆಗಳು ಮಿತಿಯೊಳಗೆ ಎಷ್ಟು ಸುರಕ್ಷಿತವಾಗಿ ಕೂರುತ್ತವೆ ಅಂತ ಹೇಳುವ ಅಂಕಿ, ಹೆಚ್ಚಿದ್ದಷ್ಟೂ ಒಳ್ಳೆಯದು) ಕನಿಷ್ಠ 1.67 ಬರಬೇಕು ಅಂತ ಒಪ್ಪಂದದಲ್ಲಿದೆ.

ತಯಾರಕರ ಫ್ಯಾಕ್ಟರಿಯಲ್ಲಿ ಎಫ್‌ಎಟಿ (ಕಳಿಸುವ ಮುಂಚಿನ ಪರೀಕ್ಷೆ) ಮಾಡಿದಾಗ 50 ಪೀಸ್‌ಗೆ 1.82 ಬಂದಿತ್ತು. ನಾನೇ ಹೋಗಿ ನೋಡಿದ್ದೆ. ಈಗ ನಮ್ಮಲ್ಲಿ ಎಸ್‌ಎಟಿ, ಅಂದರೆ ನಮ್ಮ ಜಾಗದಲ್ಲಿ ಅದೇ ಪರೀಕ್ಷೆ; ಪಾಸಾದರೆ ಸೆಲ್ ಒಪ್ಪಿಕೊಂಡೆವು ಅಂತ ಸಹಿ. ಅದೇ ಮಷೀನು, ಅದೇ ಟೂಲು, ಪೀಸ್ ಹಿಡಿಯುವ ಅದೇ ಫಿಕ್ಸ್ಚರ್. ಸರಾಸರಿ 50.015, ಸಿಗ್ಮಾ (ಅಳತೆಗಳ ಏರಿಳಿತ) 3 ಮೈಕ್ರಾನ್ (0.003 ಮಿ.ಮೀ.), ಸಿಎಂಕೆ 1.11. ಮೂರು ಸಲ ಓಡಿಸಿದೆವು, ಹೆಚ್ಚುಕಮ್ಮಿ ಅಷ್ಟೇ.

"ಒಂದು ಪೀಸೂ ರಿಜೆಕ್ಟ್ ಆಗಿಲ್ಲವಲ್ಲ, ಸಹಿ ಹಾಕಿ. ಇದನ್ನು ಬಾಕಿ ಪಟ್ಟಿಗೆ ಸೇರಿಸಿ ಆಮೇಲೆ ಸರಿಮಾಡೋಣ" ಅಂತ ಅವರ ಎಂಜಿನಿಯರ್ ಹೇಳುತ್ತಿದ್ದಾರೆ. ಕೊನೆಯ ಶೇ. 10 ಹಣ ನಮ್ಮ ಹತ್ತಿರ ಇದೆ. ಏನು ಮಾಡಲಿ?

ಸ್ಪಿಂಡಲ್_ಹುಬ್ಬಳ್ಳಿ

ಸರ್, ಬೆಳಿಗ್ಗೆ ಮಷೀನ್ ಆನ್ ಮಾಡಿದ ಕೂಡಲೇ ಶುರು ಮಾಡಿದಿರಾ? ಸ್ಪಿಂಡಲ್ ಬಿಸಿಯಾಗೋ ತನಕ ಸೈಜ್ ಒಂದೇ ಕಡೆಗೆ ಸರಿಯುತ್ತಾ ಹೋಗುತ್ತದೆ. ಅರ್ಧ ಗಂಟೆ ವಾರ್ಮ್‌ಅಪ್ ಓಡಿಸಿ, ಆಮೇಲೆ 50 ಪೀಸ್ ತೆಗೆಯಿರಿ.

ಪೀಣ್ಯ_ಬೋರಿಂಗ್

ವಾರ್ಮ್‌ಅಪ್ ಮಾಡಿದ್ದೆವು ಸರ್. ಮೂರನೇ ಸಲವಂತೂ ಊಟ ಮುಗಿಸಿ ಬಂದು, ಮಧ್ಯಾಹ್ನ ತೆಗೆದಿದ್ದು.

ಗೇಜ್_ಮೇಷ್ಟ್ರು

ಸಿಎಂಕೆ ಅನ್ನೋ ಒಂದು ಅಂಕಿ ಇಟ್ಟುಕೊಂಡು ಕಾರಣ ಹುಡುಕಲು ಆಗುವುದಿಲ್ಲ. ಎರಡು ಕೆಲಸ ಮಾಡಿ.

50 ರೀಡಿಂಗ್‌ಗಳನ್ನು ಪೀಸ್ ಬಂದ ಕ್ರಮದಲ್ಲೇ ಗ್ರಾಫ್ ಮಾಡಿ. ಹಿಸ್ಟೋಗ್ರಾಂ ಬೇಡ, ಅದರಲ್ಲಿ ಕ್ರಮ ಕಳೆದುಹೋಗುತ್ತದೆ. ಪಕ್ಕದಲ್ಲಿ ಸೆಲ್ ಯಾವಾಗ ನಿಂತಿತು, ಎಷ್ಟು ಹೊತ್ತು ನಿಂತಿತು ಅನ್ನೋದನ್ನೂ ಬರೆಯಿರಿ.

ಇನ್ನೊಂದು, ಮಾಸ್ಟರ್ ರಿಂಗನ್ನು (ಸೈಜ್ ಖಚಿತವಾಗಿ ಗೊತ್ತಿರುವ, ಗೇಜ್ ಸೆಟ್ ಮಾಡುವ ಉಂಗುರ) ಅದೇ ಏರ್ ಗೇಜ್‌ನಲ್ಲಿ 50 ಸಲ ಅಳೆಯಿರಿ. ಸಿಜಿ, ಅಂದರೆ ಗೇಜ್ ಪ್ರತಿ ಸಲ ಒಂದೇ ಅಳತೆ ಕೊಡುತ್ತದಾ ಅಂತ ಹೇಳುವ ಅಂಕಿ, 1.33 ದಾಟಬೇಕು. ಗೇಜನ್ನು ನಂಬಬಹುದು ಅಂತ ಗೊತ್ತಾಗದೆ ಮಷೀನ್ ಮೇಲೆ ತಪ್ಪು ಹೊರಿಸುವುದು ಸರಿಯಲ್ಲ.

ಪೀಣ್ಯ_ಬೋರಿಂಗ್

ಮೇಷ್ಟ್ರೇ, ಎರಡೂ ಮಾಡಿದೆ. ಸಿಜಿ 1.9 ಬಂತು. ಗೇಜ್ ಚೆನ್ನಾಗಿಯೇ ಇದೆ.

ಆದರೆ ಗ್ರಾಫ್ ವಿಚಿತ್ರವಾಗಿದೆ. ಪ್ರತಿ 12 ಪೀಸ್‌ಗೆ ಒಂದು ಟ್ರೇ ಬದಲಾಗುತ್ತದೆ. ಆಪರೇಟರ್ ಬಾಗಿಲು ತೆಗೆದು ಟ್ರೇ ಹಾಕಲು 5 ನಿಮಿಷ ಬೇಕು. ಅದಾದ ಮೇಲೆ ಬರುವ ಮೊದಲ ಮೂರು ಪೀಸ್ ಪ್ರತಿ ಸಲವೂ 4-5 ಮೈಕ್ರಾನ್ ಕೆಳಗೆ. ಆಮೇಲೆ ಮತ್ತೆ ಮೇಲೆ.

ಗೇಜ್_ಮೇಷ್ಟ್ರು

ಆ ಮೂರು ಪೀಸ್ ಟ್ರೇ ಬದಲಿಸುವಾಗ ಎಲ್ಲಿದ್ದವು? ಮಷೀನ್‌ಗೂ ಗೇಜ್‌ಗೂ ನಡುವಿನ ಕನ್ವೇಯರ್ ಮೇಲೆ ಕಾಯುತ್ತಿದ್ದವು, ಅಲ್ವಾ? ಹಾಗಿದ್ದರೆ ಅವು ಆರಿ ತಣ್ಣಗಾದವು. ಅಷ್ಟೇ ಆಗಿರುವುದು.

ಲೆಕ್ಕ ನೋಡಿ. 50 ಮಿ.ಮೀ. ಅಲ್ಯೂಮಿನಿಯಂ ಬೋರ್ ಒಂದು ಡಿಗ್ರಿಗೆ ಸುಮಾರು 1.15 ಮೈಕ್ರಾನ್ ಹಿಗ್ಗುತ್ತದೆ. ಮಷೀನ್‌ನಿಂದ ಹೊರಬಂದ ಪೀಸ್ ರೂಮಿಗಿಂತ 4 ಡಿಗ್ರಿ ಬಿಸಿ ಇದ್ದರೂ ಸಾಕು, 4.6 ಮೈಕ್ರಾನ್ ದೊಡ್ಡದಾಗಿ ಕಾಣುತ್ತದೆ. ನಿಮ್ಮ ಗ್ರಾಫ್‌ನಲ್ಲಿರೋದು ಅದೇ. ಮಾಸ್ಟರ್ ಯಾವತ್ತೂ ರೂಮಿನ ಬಿಸಿಯಲ್ಲೇ ಇರುತ್ತದೆ, ಅದಕ್ಕೇ ಸಿಜಿ ಪರೀಕ್ಷೆಯಲ್ಲಿ ಇದು ಸಿಗಲಿಲ್ಲ. ಎಫ್‌ಎಟಿಯಲ್ಲಿ ಅವರು ಎಲ್ಲಿ ಅಳೆದರು?

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಇನ್ನೊಂದರದ್ದು. ಮಾಸ್ಟರ್ ಉಕ್ಕಿನದ್ದಾ? ಉಕ್ಕು ಹಿಗ್ಗುವುದು ಅಲ್ಯೂಮಿನಿಯಂನ ಅರ್ಧ. ಡ್ರಾಯಿಂಗ್‌ನಲ್ಲಿರುವ ಅಳತೆ 20 ಡಿಗ್ರಿಗೆ. ನಿಮ್ಮ ಶಾಪ್ 31 ಡಿಗ್ರಿ ಇದ್ದರೆ, ಪೀಸ್ ಪೂರ್ತಿ ಆರಿದ ಮೇಲೂ ಗೇಜ್ 6 ಮೈಕ್ರಾನ್‌ಗಿಂತ ಸ್ವಲ್ಪ ಹೆಚ್ಚೇ ತೋರಿಸುತ್ತದೆ. ಆ ಗೇಜ್ ನೋಡಿಕೊಂಡೇ ಟೂಲ್ ಆಫ್‌ಸೆಟ್ (ಟೂಲ್ ಎಷ್ಟು ಸೈಜ್ ಕತ್ತರಿಸಬೇಕು ಅನ್ನುವ ತಿದ್ದುಪಡಿ) ಕೊಟ್ಟಿದ್ದರೆ ನಿಮ್ಮ ಬೋರ್ ನಿಜವಾಗಿ ಚಿಕ್ಕದಾಗಿದೆ. ದಯವಿಟ್ಟು ಐದು ಪೀಸ್ ಇವತ್ತೇ ಲ್ಯಾಬ್‌ಗೆ ಕಳಿಸಿ. ಕಸ್ಟಮರ್‌ಗೆ ಏನನ್ನೂ ಕಳಿಸಬೇಡಿ.

ಪೀಣ್ಯ_ಬೋರಿಂಗ್

ರಿಪೋರ್ಟ್ ಬಂತು. ರಾತ್ರಿಯಿಡೀ 20 ಡಿಗ್ರಿ ರೂಮಲ್ಲಿ ಇಟ್ಟು ಸಿಎಂಎಂನಲ್ಲಿ (ನಿಖರ ಅಳತೆ ಯಂತ್ರ) ಅಳೆದಿದ್ದಾರೆ. ಐದೂ ಪೀಸ್ ನಮ್ಮ ಗೇಜ್‌ಗಿಂತ 9ರಿಂದ 11 ಮೈಕ್ರಾನ್ ಕಡಿಮೆ. ಒಂದು 49.999. ಗೇಜ್ ಹಸಿರು ದೀಪ ಕೊಟ್ಟ ಪೀಸ್ ಅದು! ನೋಡಿ ಕೈ ತಣ್ಣಗಾಯಿತು.

ಎಫ್‌ಎಟಿ ಫೈಲ್ ತೆಗೆದು ನೋಡಿದೆ. ಅಲ್ಲಿ ಏರ್ ಗೇಜ್ ಬಳಸಿಯೇ ಇರಲಿಲ್ಲ, ಅವರ ಸಿಎಂಎಂ ರೂಮಲ್ಲಿ ಮರುದಿನ ಅಳೆದಿದ್ದರು. ಆಗ ನನಗೆ ಕೇಳಬೇಕು ಅಂತ ಹೊಳೆಯಲಿಲ್ಲ.

ಲೈನ್_ಕಮಿಷನಿಂಗ್

ಪುಣೆಯಿಂದ ಬರೆಯುತ್ತಿದ್ದೇನೆ, ಇಂಥ ಸೆಲ್‌ಗಳನ್ನು ಸ್ಥಾಪಿಸಿ ಚಾಲೂ ಮಾಡಿಕೊಡುವುದೇ ನನ್ನ ಕೆಲಸ. ಸಹಿ ಹಾಕಬೇಡಿ. ಬಾಕಿ ಪಟ್ಟಿ ಇರೋದು ಬಣ್ಣ ಹೋದ ಕವರ್, ಬಾರದ ಮ್ಯಾನ್ಯುಯಲ್, ಲೇಬಲ್ ಇಲ್ಲದ ಕೇಬಲ್ ಇಂಥದ್ದಕ್ಕೆ. ಪೀಸ್ ಸೈಜ್ ಮತ್ತು ಸೇಫ್ಟಿ ಯಾವತ್ತೂ ಅದರಲ್ಲಿ ಬರಬಾರದು. ಎಷ್ಟೋ ಒಪ್ಪಂದಗಳಲ್ಲಿ ವಾರಂಟಿ ಶುರುವಾಗೋದೂ ಸಹಿಯ ದಿನದಿಂದಲೇ, ನಿಮ್ಮದನ್ನು ಒಮ್ಮೆ ಓದಿ ನೋಡಿ.

ಆದರೆ ಜಗಳ ಬೇಡ. ಮಷೀನ್ ಚೆನ್ನಾಗಿದೆ, ಅಳೆಯುವ ರೀತಿ ತಪ್ಪಿದೆ. ಹಾಗಂತಲೇ ಅವರಿಗೆ ಬರೆಯಿರಿ, ಗ್ರಾಫೂ ಲ್ಯಾಬ್ ರಿಪೋರ್ಟೂ ಜೊತೆಗೆ ಹಾಕಿ. ಗೇಜ್ ಮುಂದೆ ಪೀಸ್ ಆರಲು ಜಾಗ ಕೇಳಿ. ಇಲ್ಲದಿದ್ದರೆ ಪೀಸ್‌ನ ಬಿಸಿ ನೋಡಿ ರೀಡಿಂಗ್ ಸರಿಪಡಿಸುವ ಸೆನ್ಸರ್ ಕೇಳಿ. ಮಾಸ್ಟರ್ ಅದೇ ಅಲ್ಯೂಮಿನಿಯಂನಲ್ಲಿ ಮಾಡಿಸಿ. ಅದು ಬೇಗ ಸವೆಯುತ್ತದೆ, ಆಗಾಗ ಚೆಕ್ ಮಾಡಿಸುತ್ತಿರಬೇಕು.

ಅಂದ ಹಾಗೆ, ಸೈಕಲ್ ಮಧ್ಯೆ ಮೇನ್ ಸ್ವಿಚ್ ಆಫ್ ಮಾಡಿ ನೋಡಿದಿರಾ? ಗಾಳಿ ಲೈನ್ ಮುಚ್ಚಿ ನೋಡಿದಿರಾ? ನಮ್ಮ ಕಡೆ ಕರೆಂಟ್ ಹೋಗಿ ಜನರೇಟರ್ ಬರೋದು ದಿನದ ಮಾತು. ಆಗ ಗ್ರಿಪ್ಪರ್ (ಪೀಸ್ ಹಿಡಿಯುವ ರೋಬೋದ ಕೈ) ಪೀಸ್ ಬಿಡಬಾರದು, ಕರೆಂಟ್ ಬಂದ ಕೂಡಲೇ ರೋಬೋ ತಾನಾಗಿ ಹೊರಡಲೂಬಾರದು.

ಪೀಣ್ಯ_ಬೋರಿಂಗ್

ಮೂರು ವಾರ ಆಯಿತು, ಸುದ್ದಿ ಹೇಳಲೇಬೇಕು.

ತಯಾರಕರು ಒಪ್ಪಿಕೊಂಡರು. ಗೇಜ್ ಮುಂದೆ ಫ್ಯಾನ್ ಇರುವ ರ‍್ಯಾಕ್ ಹಾಕಿದ್ದಾರೆ, ಪ್ರತಿ ಪೀಸ್ ಅಲ್ಲಿ ಆರಿಯೇ ಮುಂದೆ ಹೋಗುತ್ತದೆ. ಅಲ್ಯೂಮಿನಿಯಂ ಮಾಸ್ಟರ್ ಬಂತು, ಟೂಲ್ ಆಫ್‌ಸೆಟ್ ಹೊಸದಾಗಿ ಕೊಟ್ಟೆವು. ನಿನ್ನೆ ಟ್ರೇ ಬದಲಾವಣೆ ಸೇರಿಸಿಯೇ 50 ಪೀಸ್ ಓಡಿಸಿದೆವು. ಸರಾಸರಿ 50.012, ಸಿಗ್ಮಾ 2.3, ಸಿಎಂಕೆ 1.74. ಲ್ಯಾಬ್‌ಗೂ ನಮ್ಮ ಗೇಜ್‌ಗೂ ಈಗ ಒಂದು ಮೈಕ್ರಾನ್ ವ್ಯತ್ಯಾಸ. ಮೊದಲು ಮಾಡಿದ ಪೀಸ್ ಎಲ್ಲವನ್ನೂ ಬೇರೆ ಇಟ್ಟು ಲ್ಯಾಬ್‌ನಲ್ಲಿ ಅಳೆಸುತ್ತಿದ್ದೇವೆ.

ಮೇನ್ ಸ್ವಿಚ್ ಪರೀಕ್ಷೆಯಲ್ಲಿ ಗ್ರಿಪ್ಪರ್ ಪಾಸಾಯಿತು. ಗಾಳಿ ನಿಲ್ಲಿಸಿದಾಗ ಮಾತ್ರ ಪೀಸ್ ಸುಮಾರು ಒಂದು ನಿಮಿಷಕ್ಕೆ ಜಾರಿ ಬಿತ್ತು. ಗಾಳಿ ಹಿಂದೆ ಹೋಗದಂತೆ ತಡೆಯುವ ಚೆಕ್ ವಾಲ್ವ್ ಬದಲಿಸಲು ಸೋಮವಾರ ಬರುತ್ತಾರಂತೆ. ಅದಾಗುವ ತನಕ ಸಹಿ ಇಲ್ಲ ಅಂತ ಹೇಳಿದ್ದೇನೆ. ಮೇಷ್ಟ್ರೇ, ಪುಣೆ ಸರ್, ಇಬ್ಬರಿಗೂ ತುಂಬಾ ಥ್ಯಾಂಕ್ಸ್.